ಮದ್ದುಸೊಪ್ಪಿನ ಸಾರು: ಡಿಪಿಪಿಎಚ್ ರೀಡಿಂಗ್ ಯಾಕೆ ಏರುತ್ತಿದೆ?

ಬೇಲಿಬದಿ: ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮ ಮದ್ದುಸೊಪ್ಪು, ಅಂದರೆ ಜಸ್ಟೀಶಿಯಾ ವೈನಾಡೆನ್ಸಿಸ್, ಆರಿಸಿಕೊಂಡಿದ್ದೇನೆ. ಕಕ್ಕಡ (ನಮ್ಮ ಕೊಡವ ತಿಂಗಳು) 18, ಆಗಸ್ಟ್ 3ರ ಬೆಳಿಗ್ಗೆ ತೋಟದ ಬೇಲಿಯಲ್ಲಿ ಕೊಯ್ದೆ. ಅರ್ಧ ಅಜ್ಜಿಯ ಪಾಯಸಕ್ಕೆ, ಅರ್ಧ ಲ್ಯಾಬಿಗೆ. ಎಲೆ ಕುದಿಸಿ ತೆಗೆದ ನೀರು, ಅಂದರೆ ಸಾರು, ಗಾಢ ನೇರಳೆ. ತೊಂದರೆ ಅಂದರೆ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಬಳಸುವ ರಾಸಾಯನಿಕ ಡಿಪಿಪಿಎಚ್‌ನ ದ್ರಾವಣವೂ ನೇರಳೆ! ಸಾರು ಕೆಲಸ ಮಾಡಿದರೆ ಅದು ಹಳದಿಗೆ ತಿರುಗಿ, ರೀಡಿಂಗ್ (ದ್ರಾವಣ ಹೀರುವ ಬೆಳಕಿನ ಅಳತೆ) ಇಳಿಯಬೇಕು, ಅಲ್ವಾ? ನನ್ನಲ್ಲಿ ಸಾರು ಜಾಸ್ತಿ ಹಾಕಿದಷ್ಟೂ ರೀಡಿಂಗ್ ಏರುತ್ತದೆ. ಮೂರು ದಿನ ಸುಮ್ನೆ ಹೋಯಿತು.

ಪಿಪೆಟ್: ಸಾರಿನದೇ ಬಣ್ಣ ಸೇರಿಕೊಳ್ಳುತ್ತಿದೆ. ಪ್ರತಿ ಸಾಂದ್ರತೆಗೂ ಡಿಪಿಪಿಎಚ್ ಹಾಕದೆ, ಬರೀ ಸಾರು ಮತ್ತು ಮೆಥನಾಲ್ ಇರುವ ಬ್ಲಾಂಕ್ ಇಡಿ. 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದು, ಡಿಪಿಪಿಎಚ್ ಹಾಕಿದ ರೀಡಿಂಗಿನಿಂದ ಕಳೆಯಿರಿ. ಗಿಡದ ಒಣ ಮಾದರಿಯನ್ನೂ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಕೊಡಿ.

ಹಳೇ ತೋಟದವ: ಆ ದಿನ ಎಲೆಯಲ್ಲಿ 18 ಮದ್ದು ಸೇರುತ್ತವೆ ಅನ್ನುತ್ತಾರೆ. ಪಾಯಸ ತಿಂದ ಮೇಲೆ ಮೂತ್ರ ಕೆಂಪಾದರೆ ನಮ್ಮಮ್ಮನಿಗೆ ಖುಷಿ. ನನಗೆ ಮಾತ್ರ ಅದು ಬಣ್ಣ ದೇಹದಿಂದ ಹೊರಬಂದ ಗುರುತು ಅಷ್ಟೇ. ಜೂನ್, ಅಕ್ಟೋಬರಿನ ಎಲೆಯನ್ನೂ ಪರೀಕ್ಷಿಸಿ. ಹೋಲಿಸದಿದ್ದರೆ ಕಕ್ಕಡದ ಮಾತು ತೂಗುವುದು ಹೇಗೆ?

ಬೇಲಿಬದಿ: ಬ್ಲಾಂಕ್ ಕಳೆದೆ, ಈಗ ರೀಡಿಂಗ್ ಇಳಿಯುತ್ತಿದೆ! ಜೂನ್ ಕೈಬಿಟ್ಟು ಹೋಯಿತು. ಅಕ್ಟೋಬರಿಗೆ ಬೇಲಿ ಸವರಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ.