ವಾರ್ಡಲ್ಲಿ ಸಾವು ಕಂಡ ಮೇಲೆ ನೀವೇನು ಮಾಡ್ತೀರಿ, ಸಿಸ್ಟರ್?

ಪ್ರಶ್ನೆ, ಮಡಿಕೇರಿಯಿಂದ:
ಸ್ಟಾಫ್ ನರ್ಸ್ ಆಗಿ ಇನ್ನೂ ವರ್ಷ ತುಂಬಿಲ್ಲ. ಹೋದ ವಾರ ನೈಟ್ ಡ್ಯೂಟಿಯಲ್ಲಿ, ನಾನು ಕೊಟ್ರೆ ಮಾತ್ರ ಮಾತ್ರೆ ನುಂಗ್ತಿದ್ದ ಅಜ್ಜಿ ತೀರಿಕೊಂಡ್ರು. ಮನೆಗೆ ಬಂದ್ರೂ ಮಾನಿಟರ್ ಶಬ್ದ ಕಿವಿಯಲ್ಲೇ ಇದೆ. ‘ಅಭ್ಯಾಸ ಆಗುತ್ತೆ ಬಿಡು’ ಅಂತಾರೆ ಎಲ್ಲರೂ. ನಿಮಗೆ ಆಯ್ತಾ?

ವಿರಾಜಪೇಟೆಯಿಂದ:
ಇಲ್ಲ ತಂಗಿ. ಆಗಲಿ ಅಂತ ಆಸೆಯೂ ಇಲ್ಲ. ನನ್ನನ್ನು ಈ ಕೆಲಸದಲ್ಲಿ ಉಳಿಸಿದ್ದು ಕೊನೆಯ ಆರೈಕೆ. ‘ಬಾಡಿ ಪ್ಯಾಕ್’ ಅಂತ ಬೇಗ ಮುಗಿಸೋರೇ ಹೆಚ್ಚು, ನಾನು ನಿಧಾನ. ಡ್ರಿಪ್‌ಗೆ ಚುಚ್ಚಿದ್ದ ಕ್ಯಾನುಲಾ ತೆಗೆದು ಹತ್ತಿ ಒತ್ತಿ, ಮುಖ ಒರೆಸಿ, ತಲೆ ಬಾಚಿ, ‘ಅಜ್ಜಿ, ಈಗ ಪಕ್ಕಕ್ಕೆ ತಿರುಗಿಸ್ತೀನಿ’ ಅಂತ ಮುಂಚಿನ ಹಾಗೇ ಹೇಳ್ತೀನಿ. ಜೂನಿಯರ್‌ಗಳು ಮುಖ ಮುಖ ನೋಡ್ಕೋತಾರೆ, ನೋಡ್ಕೊಳ್ಳಲಿ.

ಮತ್ತೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ನಮ್ಮ ಕಡೆ ಮನೆಗಳಲ್ಲಿ ಇಟ್ಟಿರ್ತಾರಲ್ಲ, ಕೊನೆಗಾಲಕ್ಕೆ ಬಾಯಿಗೆ ಬಿಡೋಕೆ. ಮನೆಯವರು ಪುಟ್ಟ ಬಾಟಲಿ ಹಿಡ್ಕೊಂಡು, ಬೈತಾರೇನೋ ಅಂತ ಬಾಗಿಲಲ್ಲೇ ನಿಂತಿರ್ತಾರೆ ಪಾಪ. ನುಂಗೋ ಶಕ್ತಿ ಇಲ್ಲದವರಿಗೆ ಸುರಿದ್ರೆ ಶ್ವಾಸನಾಳಕ್ಕೆ ಹೋಗಬಹುದು. ಅದಕ್ಕೇ ಗಾಜ್ ಬಟ್ಟೆಯ ತುಂಡು ಅದ್ದಿ, ಹಿಂಡಿ, ಮಗಳ ಕೈಗೇ ಕೊಟ್ಟು ತುಟಿ ಒರೆಸಿ ಅಂತೀನಿ. ಜೀವ ಉಳಿಯದ ದಿನವೂ ನಾನು ಅಲ್ಲಿ ದಂಡಕ್ಕೆ ನಿಂತಿರಲಿಲ್ಲ ಅನ್ಸುತ್ತೆ.

ಕುಶಾಲನಗರದಿಂದ:
ಎಮರ್ಜೆನ್ಸಿಯಲ್ಲಿ ಇಷ್ಟು ಪುರುಸೊತ್ತು ಎಲ್ಲಿ ಅಕ್ಕ? ಒಂದು ಬೆಡ್ ಖಾಲಿ ಆಗೋ ಮುಂಚೆ ಮುಂದಿನ ಆಂಬುಲೆನ್ಸ್ ಬಂದಿರುತ್ತೆ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನೋ ನರ್ಸ್ ಶುರು ಮಾಡಿದ ಕ್ರಮ ನಮಗೆ ಒಗ್ಗಿದೆ: ಡಾಕ್ಟರ್ ಸಾವು ಹೇಳಿದ ಮೇಲೆ ಆಯಾ ಸಮೇತ ಎಲ್ಲರೂ ಇದ್ದಲ್ಲೇ ಸ್ವಲ್ಪ ಹೊತ್ತು ಮೌನ. ಮಂತ್ರ, ಪ್ರಾರ್ಥನೆ ಏನೂ ಇಲ್ಲ, ಹಾಗಾಗಿ ಯಾರಿಗೂ ಕಿರಿಕಿರಿ ಇಲ್ಲ.

ಗೋಣಿಕೊಪ್ಪದಿಂದ:
ಬದುಕಿನ ಅರ್ಥ ಎಲ್ಲ ನೈಟ್ ಮುಗಿಸಿದ ಬೆಳಿಗ್ಗೆ ಹುಡುಕಬೇಡಮ್ಮ. ಗಂಜಿ ಕುಡಿದು ಮಲಗು. ವಾರಗಟ್ಟಲೆ ನಿದ್ದೆ ಬರದಿದ್ರೆ, ಡ್ಯೂಟಿ ಅಂದ್ರೇ ಎದೆ ಹೊಡ್ಕೊಂಡ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನರ್ಸ್ ಆಗಿ ಅಲ್ಲಿಗೆ ಫೋನ್ ಮಾಡೋದಾ ಅಂತ ನಾಚಿಕೆ ಬೇಡ.

ಮಡಿಕೇರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಲಾ? ಅಜ್ಜಿಯ ಮಗಳು ಮಾದಕ್ಕೆ, ಅಂದ್ರೆ ಕೊಡವರ ತಿಥಿಗೆ, ಬನ್ನಿ ಅಂದಿದ್ದಾರೆ. ಹೋಗಬಹುದಾ?

ವಿರಾಜಪೇಟೆಯಿಂದ:
ಹೋಗು. ಕಾಯಿಲೆ ವಿಚಾರ ಯಾರಾದ್ರೂ ಕೆದಕಿದ್ರೆ ಡಾಕ್ಟರನ್ನ ಕೇಳಿ ಅನ್ನು. ಊಟ ಮಾಡ್ಕೊಂಡೇ ಬಾ.