ಅರ್ಧ ಮನುಷ್ಯ, ಅರ್ಧ ಮೃಗ: ಹಾಗೇ ಹಾಯಾಗಿರುವವರು ಯಾರೂ ಇಲ್ವಾ?

ಪ್ರಶ್ನೆ | ಅರ್ಧರಾತ್ರಿ ಬರಹಗಾರ

ಒಂದು ಸೈ-ಫೈ ಕಥೆ ಬರೆಯುತ್ತಿದ್ದೇನೆ. ನಾಯಕಿ ಅರ್ಧ ಮನುಷ್ಯಳು, ಅರ್ಧ ಯಂತ್ರ. ಮೂರು ಸಲ ತಿದ್ದಿ ಬರೆದೆ, ಮೂರು ಸಲವೂ ಕೊನೆಗೆ "ನನ್ನನ್ನು ಪೂರ್ತಿ ಮನುಷ್ಯಳನ್ನಾಗಿ ಮಾಡಿ" ಅಂತ ಅಳುತ್ತಾ ಕೂರುತ್ತಾಳೆ. ಬೇಜಾರಾಗಿದೆ. ಕಾರ್ನಾಡರ ಹಯವದನನೂ ಹಾಗೇ ಅಲ್ವಾ, ಕುದುರೆ ಮುಖ ಹೋಗಲಿ, ನನ್ನನ್ನು ಪೂರ್ಣ ಮಾಡು ಅಂತ ಕಾಳಿಯನ್ನು ಬೇಡಿದರೆ ಅವಳು ಪೂರ್ತಿ ಕುದುರೆಯನ್ನೇ ಮಾಡಿಬಿಡುತ್ತಾಳೆ, ದನಿ ಮಾತ್ರ ಮನುಷ್ಯನದೇ ಉಳಿದುಬಿಡುತ್ತದೆ. ಎರಡೂ ಆಗಿದ್ದು ತಲೆ ಕೆಡಿಸಿಕೊಳ್ಳದವರು ನಮ್ಮ ಕಥೆಗಳಲ್ಲಿ ಇದ್ದಾರಾ?

ಹೊಸ್ತಿಲು

ನರಸಿಂಹ! ಹಿರಣ್ಯಕಶಿಪು ಮನುಷ್ಯನಿಂದಲೂ ಮೃಗದಿಂದಲೂ ಸಾವು ಬೇಡ, ಹಗಲೂ ರಾತ್ರಿಯೂ ಬೇಡ, ಒಳಗೂ ಹೊರಗೂ ಬೇಡ ಅಂತ ವರ ಕೇಳಿದ್ದಕ್ಕೇ ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು. ಅಲ್ಲಿ ಅರ್ಧ ಆಗಿರುವುದೇ ಅಸ್ತ್ರ.

ಅರ್ಧರಾತ್ರಿ ಬರಹಗಾರ

ಅವನು ದೇವರು ಮಾರಾಯ್ರೆ. ಬಂದ ಕೆಲಸ ಮುಗಿಸಿ ಹೋದ. ನನ್ನ ನಾಯಕಿ ಮಾರನೇ ದಿನ ಎದ್ದು ಆಫೀಸಿಗೆ ಹೋಗಬೇಕು.

ಕಂಬದ ಕೆತ್ತನೆ

ಹಾಗಾದರೆ ಪುರುಷಾಮೃಗ. ಮುಖ ಮನುಷ್ಯನದು, ಮೈ ಸಿಂಹದ್ದು, ದೇವಸ್ಥಾನದ ಕಂಬಗಳಲ್ಲಿ ನೋಡಿರುತ್ತೀರಿ. ನಮ್ಮಜ್ಜಿ ಹೇಳುತ್ತಿದ್ದ ಕಥೆ: ಧರ್ಮರಾಯನ ಯಾಗಕ್ಕೆ ಅದನ್ನು ಕರೆತರಲು ಭೀಮ ಹೋಗುತ್ತಾನೆ. ನೀನು ಮುಂದೆ ಓಡು, ನಿನ್ನ ಗಡಿ ಮುಟ್ಟುವ ಮೊದಲು ಸಿಕ್ಕರೆ ತಿಂದುಬಿಡುತ್ತೇನೆ ಅಂತ ಅದರ ಷರತ್ತು. ಭೀಮ ಹನುಮಂತ ಕೊಟ್ಟ ಕೂದಲನ್ನು ಒಂದೊಂದೇ ಬೀಳಿಸುತ್ತಾ ಓಡುತ್ತಾನೆ, ಬಿದ್ದಲ್ಲೆಲ್ಲ ಶಿವಲಿಂಗ ಆಗುತ್ತದೆ, ಅದಕ್ಕೆ ಶಿವನೆಂದರೆ ಪ್ರಾಣ, ನಿಂತು ಪೂಜೆ ಮಾಡದೆ ಮುಂದೆ ಹೋಗಲ್ಲ. ಆದರೂ ಕೊನೆಗೆ ಒಂದು ಕಾಲು ಗಡಿಯೊಳಗೆ, ಒಂದು ಕಾಲು ಹೊರಗೆ ಇರುವಾಗ ಹಿಡಿದುಬಿಡುತ್ತದೆ. ಧರ್ಮರಾಯ ತಮ್ಮ ಅಂತ ನೋಡದೆ "ಅರ್ಧ ಭೀಮ ನಿನ್ನವನು" ಅನ್ನುತ್ತಾನೆ. ಆ ನ್ಯಾಯಕ್ಕೆ ಮೆಚ್ಚಿ ಅದು ಬಿಟ್ಟುಬಿಡುತ್ತದೆ. ನೋಡಿ, ಎರಡು ಪಾಲಾಗುವ ಕಷ್ಟ ಬಂದಿದ್ದು ಭೀಮನಿಗೆ, ಪುರುಷಾಮೃಗಕ್ಕಲ್ಲ!

ದಕ್ಷಿಣದ ಕಡೆಯವಳು

ಕನ್ಯಾಕುಮಾರಿ ಜಿಲ್ಲೆಯಲ್ಲಿ ಈ ಕಥೆಯನ್ನು ಜನ ಈಗಲೂ ಓಡುತ್ತಾರೆ. ಶಿವರಾತ್ರಿಗೆ 12 ಶಿವಾಲಯ ಸುತ್ತುವ 'ಶಿವಾಲಯ ಓಟ್ಟಂ'. ಅಲ್ಲಿ ಕೂದಲಲ್ಲ, 12 ರುದ್ರಾಕ್ಷಿ. ತಮಾಷೆ ಏನೆಂದರೆ ಶಿವನ ಗುಡಿಗೆ ಓಡುವವರು ಕೂಗುವುದು "ಗೋವಿಂದಾ ಗೋಪಾಲಾ" ಅಂತ, ಭೀಮ ಹಾಗೆ ಕೂಗಿಯೇ ಅದನ್ನು ರೇಗಿಸಿದ್ದನಂತೆ.

ಹೊಸ್ತಿಲು

ಪುರುಷಾಮೃಗ ಹಾಯಾಗಿತ್ತು ಅಂತ ಹೇಗೆ ಹೇಳುತ್ತೀರಿ? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

ಅರ್ಧರಾತ್ರಿ ಬರಹಗಾರ

ಕೇಳದಿರುವುದೇ ಚೆನ್ನಾಗಿದೆ ಅನ್ನಿಸುತ್ತಿದೆ. ನಾಯಕಿ ಅಳುವ ಸೀನ್ ತೆಗೆದು ಅವಳ ಅಣ್ಣನನ್ನು ಆ ಗೆರೆ ಮೇಲೆ ನಿಲ್ಲಿಸಿ ನೋಡುತ್ತೇನೆ. ಅಂದ ಹಾಗೆ ಭೀಮನ ಯಾವ ಅರ್ಧ?

ಕಂಬದ ಕೆತ್ತನೆ

ನಾನೂ ಚಿಕ್ಕವನಿದ್ದಾಗ ಅದನ್ನೇ ಕೇಳಿದ್ದೆ. "ಹೊರಗಿದ್ದ ಕಾಲಿನ ಕಡೆಯದು, ಸುಮ್ನೆ ಮಲಗು" ಅಂದಿದ್ದಳು ಅಜ್ಜಿ.