ಎಸ್‌ಸಿಎನ್1ಎ ರಿಪೋರ್ಟ್ ಬಂದಿದೆ. ಫಿಟ್ಸ್ ಔಷಧಿಯಿಂದಲೇ ಫಿಟ್ಸ್ ಜಾಸ್ತಿ ಆಗುವುದು ಹೇಗೆ?

ತುಮಕೂರು ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಎರಡೂವರೆ ವರ್ಷ. ನಾಲ್ಕು ತಿಂಗಳು ತುಂಬಿದಾಗ ಪೆಂಟಾ ಮೂರನೇ ಚುಚ್ಚುಮದ್ದು ಹಾಕಿಸಿದೆವು. ಅವತ್ತು ರಾತ್ರಿ ಜ್ವರ ಬಂತು, ಜೊತೆಗೆ ಮೊದಲ ಸಲ ಫಿಟ್ಸ್. ಎಡಗೈ, ಎಡಗಾಲು ಮಾತ್ರ ಅದುರುತ್ತಿತ್ತು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಮುಂದಿನ ಜ್ವರಕ್ಕೆ ಬಲಗಡೆ ಅದುರಿತು.

ಊರಿನ ಡಾಕ್ಟರು ಕಾರ್ಬಮಜೆಪಿನ್ ಸಿರಪ್ ಬರೆದರು. ಕಮ್ಮಿಯಾಗುವ ಬದಲು ಜಾಸ್ತಿಯೇ ಆಯಿತು. ಜ್ವರ ಇಲ್ಲದಾಗಲೂ ಬೆಚ್ಚಿಬಿದ್ದ ಹಾಗೆ ಕೈ ಜಗ್ಗುವುದು ಬೇರೆ ಶುರುವಾಯಿತು. ಡೋಸ್ ಏರಿಸಿದರು. ಇನ್ನೂ ಜಾಸ್ತಿ.

ಆಮೇಲೆ ಬೆಂಗಳೂರಿಗೆ ಹೋದೆವು. ಅಲ್ಲಿನ ಮಕ್ಕಳ ನರರೋಗ ತಜ್ಞರು ಜೀನ್ ಪರೀಕ್ಷೆ ಮಾಡಿಸಿದರು. ಎಸ್‌ಸಿಎನ್1ಎ ಜೀನಿನಲ್ಲಿ ಬದಲಾವಣೆ ಇದೆ, ಡ್ರಾವೆ ಸಿಂಡ್ರೋಮ್ ಅಂದರು. ಕಾರ್ಬಮಜೆಪಿನ್ ಬಿಡಿಸಿ ವಾಲ್ಪ್ರೊಯೇಟ್, ಕ್ಲೋಬಜಾಮ್ ಶುರು ಮಾಡಿದ್ದಾರೆ. ಈಗ ಎಷ್ಟೋ ವಾಸಿ. "ಮಿದುಳಿನಲ್ಲಿ ಬ್ರೇಕ್ ಹಾಕುವ ಕೋಶಗಳಿರುತ್ತವೆ, ಇವಳಲ್ಲಿ ಅವು ಸರಿಯಾಗಿ ಕೆಲಸ ಮಾಡುತ್ತಿಲ್ಲ" ಅಂತ ಹೇಳಿದರು. ಹೊರಗೆ ಅಷ್ಟುದ್ದ ಸಾಲು ಇತ್ತು, ಜಾಸ್ತಿ ಕೇಳಲು ಆಗಲಿಲ್ಲ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಏನಾದರೂ ಸುಟ್ಟುಹೋದರೆ ಯಾಕೆ ಸುಟ್ಟಿತು ಅಂತ ಗೊತ್ತಾಗುವ ತನಕ ನಿದ್ದೆ ಬರುವುದಿಲ್ಲ. ಫಿಟ್ಸ್ ನಿಲ್ಲಿಸುವ ಔಷಧಿ ಫಿಟ್ಸ್ ಹೇಗೆ ಜಾಸ್ತಿ ಮಾಡಿತು? ಆ ಬ್ರೇಕ್ ಕೋಶಗಳು ಹುಟ್ಟೇ ಇಲ್ಲವಾ, ಹುಟ್ಟಿ ಸತ್ತುಹೋದವಾ, ದೊಡ್ಡವಳಾದಂತೆ ಸರಿಹೋಗುತ್ತವಾ? ಅಮೆರಿಕದಲ್ಲಿ ಅಂಥ ಕೋಶಗಳನ್ನು ಮಿದುಳಿಗೆ ಹಾಕುತ್ತಾರೆ ಅಂತ ಬಾಮೈದ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದ್ದಾನೆ. ಅದು ಇವಳಿಗೆ ಆಗುತ್ತದಾ? ಇನ್ನೊಂದು ವಿಷಯ. ಇಂಜೆಕ್ಷನ್‌ನಿಂದಲೇ ಹೀಗಾಯಿತು ಅಂತ ನಮ್ಮಮ್ಮ ಇವತ್ತಿಗೂ ನನ್ನ ಹೆಂಡತಿಯನ್ನು ಬೈಯುತ್ತಾರೆ, ಅವಳೇ ಕರೆದುಕೊಂಡು ಹೋಗಿದ್ದು ಅಂತ.

ಇಲಿಮಿದುಳು:

ನಮಸ್ಕಾರ ಸರ್. ನಾನು ಡಾಕ್ಟರಲ್ಲ. ಔಷಧಿ ವಿಷಯದಲ್ಲಿ ನಿಮ್ಮ ತಜ್ಞರ ಮಾತೇ ಕೊನೆ. ನಾನು ಪಿಎಚ್‌ಡಿ ಮಾಡಿದ್ದು ಈ ಬ್ರೇಕ್ ಕೋಶಗಳ ಮೇಲೆ. ಇಲಿಯ ಮಿದುಳನ್ನು ತೆಳ್ಳಗೆ ಕತ್ತರಿಸಿ, ಗಾಜಿನ ಸೂಜಿ ತಾಗಿಸಿ, ಒಂದೊಂದೇ ಕೋಶದ ಕರೆಂಟ್ ಅಳೆಯುವ ಕೆಲಸ. ವೈಂಡಿಂಗ್ ಮಾಡುವವರು ಕರೆಂಟ್ ಬಗ್ಗೆ ಕೇಳಿದರೆ ಖುಷಿಯಾಗದೆ ಇರುತ್ತದಾ!

ಮಿದುಳಿನ ಹೊರಪದರದ ಹೆಚ್ಚಿನ ನರಕೋಶಗಳು ಪಕ್ಕದ ಕೋಶವನ್ನು ಕೆರಳಿಸುತ್ತವೆ. 100ಕ್ಕೆ ಸುಮಾರು 20 ಮಾತ್ರ ಸುಮ್ಮನಾಗಿಸುವಂಥವು, ಅಂದರೆ ತಡೆಯುವ ಕೋಶಗಳು. ನಿಮ್ಮ ಡಾಕ್ಟರು ಹೇಳಿದ ಬ್ರೇಕ್ ಕೋಶಗಳು ಇವೇ. ಇವು ಗಾಬಾ ಅನ್ನುವ ರಾಸಾಯನಿಕ ಬಿಡುತ್ತವೆ. ಇವುಗಳಲ್ಲೂ ಒಂದು ಜಾತಿ ಭಾರಿ ಚುರುಕು. ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸಲ ಮಿಡಿಯುತ್ತವೆ. ಪ್ರತಿ ಮಿಡಿತಕ್ಕೂ ಸೋಡಿಯಂ ಕೋಶದ ಒಳಗೆ ನುಗ್ಗಬೇಕು. ಅದು ನುಗ್ಗುವ ದಾರಿಯೇ ಸೋಡಿಯಂ ಚಾನೆಲ್. ಅದರಲ್ಲಿ ಹಲವು ಬಗೆ ಇವೆ. ಎಸ್‌ಸಿಎನ್1ಎ ಜೀನ್ ತಯಾರಿಸುವುದು ನಾವ್ 1.1 ಅನ್ನುವ ಬಗೆಯನ್ನು. ಡ್ರಾವೆಯಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಚಾನೆಲ್ ಅರ್ಧಕ್ಕರ್ಧ ಕಮ್ಮಿ.

ಶಾರ್ಲೊಟ್ ಡ್ರಾವೆ ಅನ್ನುವ ಫ್ರೆಂಚ್ ವೈದ್ಯೆ ಈ ಕಾಯಿಲೆಯನ್ನು ವಿವರಿಸಿದ್ದು 1978ರಲ್ಲಿ. ಜೀನ್ ಸಿಕ್ಕಿದ್ದು 2001ರಲ್ಲಿ, ಬೆಲ್ಜಿಯಂನಲ್ಲಿ. ಆಗ ಎಲ್ಲರಿಗೂ ನಿಮ್ಮ ಹಾಗೆಯೇ ತಲೆ ಕೆಟ್ಟಿತ್ತು. ಸೋಡಿಯಂ ಚಾನೆಲ್ ಕಮ್ಮಿಯಾದರೆ ಮಿದುಳು ಮಂಕಾಗಬೇಕು, ಕೆರಳುವುದು ಹೇಗೆ? 2006ರಲ್ಲಿ ಸಿಯಾಟಲ್‌ನ ವಿಲಿಯಂ ಕ್ಯಾಟರಾಲ್ ಅವರ ಲ್ಯಾಬ್ ಇದೇ ಜೀನ್ ಕೆಡಿಸಿದ ಇಲಿಗಳಲ್ಲಿ ಕರೆಂಟ್ ಅಳೆದು ನೋಡಿತು. ಕೆರಳಿಸುವ ಕೋಶಗಳಲ್ಲಿ ಸೋಡಿಯಂ ಕರೆಂಟ್ ಇದ್ದ ಹಾಗೇ ಇತ್ತು. ತಡೆಯುವ ಕೋಶಗಳಲ್ಲಿ ಮಾತ್ರ ತುಂಬಾ ಇಳಿದಿತ್ತು. ಕೆರಳಿಸುವ ಕೋಶಗಳು ಬೇರೆ ಬಗೆಯ ಚಾನೆಲ್‌ಗಳನ್ನು ನೆಚ್ಚಿಕೊಂಡಿರುತ್ತವೆ, ಅದಕ್ಕೆ ಅವುಗಳಿಗೆ ಏನೂ ಆಗಲಿಲ್ಲ. ನನ್ನ ಪ್ರಕಾರ ಈ ಕ್ಷೇತ್ರದ ಅತಿ ಚೆಂದದ ಪ್ರಯೋಗ ಅದು.

ಕಾರ್ಬಮಜೆಪಿನ್ ಮಾಡುವುದು ಏನು? ಸೋಡಿಯಂ ಚಾನೆಲ್ ಮುಚ್ಚುತ್ತದೆ. ಬೇರೆ ಬಗೆಯ ಫಿಟ್ಸ್‌ಗೆ ಅದು ಒಳ್ಳೆಯ ಔಷಧಿಯೇ. ನಿಮ್ಮ ಮಗಳಲ್ಲಿ ಬ್ರೇಕ್ ಕೋಶಗಳಿಗೆ ಉಳಿದಿದ್ದೇ ಅರ್ಧ ಚಾನೆಲ್, ಅದನ್ನೂ ಮುಚ್ಚಿದರೆ ಏನಾಗಬೇಕೋ ಅದೇ ಆಯಿತು. ಲ್ಯಾಮೋಟ್ರಿಜಿನ್ ಕೂಡ ಅದೇ ಕತೆ, ದಿನಾ ಕೊಡುವ ಫೆನಿಟಾಯಿನ್ ಕೂಡ. ಕ್ಲೋಬಜಾಮ್ ದಾರಿಯೇ ಬೇರೆ. ಅದು ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತದೆ.

ಇದನ್ನು ಓದಿ ಬೇರೆ ಯಾರೂ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಎಸ್‌ಸಿಎನ್2ಎ, ಎಸ್‌ಸಿಎನ್8ಎ ಜೀನ್ ತೊಂದರೆ ಇರುವ ಎಷ್ಟೋ ಮಕ್ಕಳಿಗೆ ಸೋಡಿಯಂ ಚಾನೆಲ್ ಮುಚ್ಚುವ ಔಷಧಿಯೇ ಬೇಕು. ಎಸ್‌ಸಿಎನ್1ಎಯಲ್ಲೂ ಚಾನೆಲ್ ಅತಿಯಾಗಿ ಕೆಲಸ ಮಾಡುವ ಬದಲಾವಣೆಗಳು ಅಪರೂಪಕ್ಕೆ ಇವೆ, ಅಲ್ಲಿ ಲೆಕ್ಕವೇ ತಿರುಗುಮುರುಗು.

ಕೋಶಗಳು ಹುಟ್ಟಿವೆ ಸರ್. ಇವು ಹುಟ್ಟುವುದೇ ವಿಚಿತ್ರ ಜಾಗದಲ್ಲಿ. ಕೆರಳಿಸುವ ಕೋಶಗಳು ಹೊರಪದರದ ಕೆಳಗೇ ಹುಟ್ಟಿ ನೇರ ಮೇಲಕ್ಕೆ ಹೋಗುತ್ತವೆ. ತಡೆಯುವ ಕೋಶಗಳು ಭ್ರೂಣದ ಮಿದುಳಿನ ತಳದಲ್ಲಿ ಹುಟ್ಟಿ ಅಡ್ಡಡ್ಡ ತೆವಳಿಕೊಂಡು ದೂರದಿಂದ ಬರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಆಂಡರ್‌ಸನ್, ರೂಬೆನ್‌ಸ್ಟೈನ್ ತಂಡ ಇದನ್ನು 1997ರಲ್ಲಿ ಇಲಿಯಲ್ಲಿ ತೋರಿಸಿತು. ಡಿಎಲ್‌ಎಕ್ಸ್ ಜೀನ್‌ಗಳನ್ನು ತೆಗೆದರೆ ಆ ಪಯಣವೇ ನಿಂತುಹೋಗುತ್ತದೆ. ಮನುಷ್ಯರ ಕೂಸಿನಲ್ಲಂತೂ ಹುಟ್ಟಿ ಕೆಲವು ತಿಂಗಳಾದರೂ ಇಂಥ ಕೋಶಗಳು ಮುಂಭಾಗದ ಮಿದುಳಿಗೆ ಬರುತ್ತಲೇ ಇರುತ್ತವೆ ಅಂತ 2016ರಲ್ಲಿ ಗೊತ್ತಾಯಿತು. ಪಯಣವೇ ಕೆಡುವ ಕಾಯಿಲೆಗಳೂ ಇವೆ. ಎಆರ್‌ಎಕ್ಸ್ ಜೀನ್ ತೀವ್ರವಾಗಿ ಕೆಟ್ಟ ಗಂಡುಮಕ್ಕಳಲ್ಲಿ ಎಷ್ಟೋ ತಡೆಕೋಶಗಳು ಊರು ಸೇರುವುದೇ ಇಲ್ಲ. ಡ್ರಾವೆ ಹಾಗಲ್ಲ. ಕೋಶ ಬಂದು ತನ್ನ ಜಾಗದಲ್ಲಿ ಕೂತಿದೆ, ವೇಗ ಮಾತ್ರ ಸಾಲುತ್ತಿಲ್ಲ. ಹುಟ್ಟಿದ ಕೂಡಲೇ ಫಿಟ್ಸ್ ಬರದೆ ಕೆಲವು ತಿಂಗಳ ಮೇಲೆ ಬರುವುದಕ್ಕೂ ಕಾರಣ ಇದೆ. ನಾವ್ 1.1 ಬಳಕೆ ಏರುವುದೇ ಹುಟ್ಟಿದ ಮೇಲೆ.

ದೊಡ್ಡವಳಾದರೆ ಸರಿಹೋಗುತ್ತದಾ ಅಂತ ಕೇಳಿದಿರಿ. 2018ರಲ್ಲಿ ಫಿಲಡೆಲ್ಫಿಯಾದ ಈಥನ್ ಗೋಲ್ಡ್‌ಬರ್ಗ್ ಲ್ಯಾಬಿನವರು ಡ್ರಾವೆ ಇಲಿಗಳಲ್ಲಿ ಒಂದು ವಿಷಯ ಕಂಡರು. ಇಲಿ ಬೆಳೆದಂತೆ ಆ ಚುರುಕು ಕೋಶಗಳು ಮತ್ತೆ ವೇಗವಾಗಿ ಮಿಡಿಯತೊಡಗಿದವು. ಆದರೂ ಫಿಟ್ಸ್ ನಿಲ್ಲಲಿಲ್ಲ. ಮಿಡಿತ ಕೋಶದ ಉದ್ದ ಬಾಲದಲ್ಲಿ ಕೊನೆಯ ತನಕ ಸರಿಯಾಗಿ ತಲುಪುತ್ತಿಲ್ಲ ಅಂತ ಆಮೇಲಿನ ಕೆಲಸ ಹೇಳುತ್ತದೆ. ಅಂದರೆ ವಯಸ್ಸಿಗೆ ತಕ್ಕ ಹಾಗೆ ತೊಂದರೆಯ ಜಾಗ ಬದಲಾಗುತ್ತಿದೆ. ಸುಮ್ನೆ ಧೈರ್ಯ ಹೇಳುವುದಕ್ಕೆ "ಸರಿಹೋಗುತ್ತದೆ" ಅನ್ನಲಾರೆ.

ವಿಡಿಯೊ ಬಹುಶಃ ನ್ಯೂರೋನಾ ಕಂಪನಿಯದ್ದು. ಅವರು 2022ರಲ್ಲಿ ತಡೆಕೋಶಗಳನ್ನು ರೋಗಿಯ ಮಿದುಳಿಗೆ ಹಾಕಲು ಶುರು ಮಾಡಿದರು. ಅದು ದೊಡ್ಡವರಲ್ಲಿ ಔಷಧಿಗೆ ಬಗ್ಗದ ಟೆಂಪೊರಲ್ ಲೋಬ್ (ಕಿವಿಯ ಪಕ್ಕದ ಮಿದುಳಿನ ಭಾಗ) ಫಿಟ್ಸ್‌ಗೆ. ಅಲ್ಲಿ ಫಿಟ್ಸ್ ಹುಟ್ಟುವುದು ಒಂದು ಗೊತ್ತಾದ ಮೂಲೆಯಲ್ಲಿ. ಡ್ರಾವೆಯಲ್ಲಿ ಇಡೀ ಮಿದುಳಿನ ತಡೆಕೋಶಗಳಿಗೂ ಅದೇ ಕೊರತೆ, ಎಲ್ಲಿ ಅಂತ ಹಾಕುವುದು? ನಿಮ್ಮ ಮಗಳ ಮಟ್ಟಿಗೆ ನಾನು ಕಣ್ಣಿಟ್ಟಿರುವುದು ಜೊರೆವುನರ್ಸೆನ್ ಮೇಲೆ. ಬೆನ್ನುಹುರಿಯ ನೀರಿಗೆ ಕೊಡುವ ಇಂಜೆಕ್ಷನ್ ಅದು. ಸರಿಯಿರುವ ಪ್ರತಿಯಿಂದಲೇ ಜಾಸ್ತಿ ಚಾನೆಲ್ ಮಾಡಿಸುವುದು ಅದರ ಉಪಾಯ. ಇನ್ನೂ ಪ್ರಯೋಗದ ಹಂತ.

ಲಸಿಕೆ ವಿಷಯ ಅಮ್ಮನಿಗೆ ಓದಿ ಹೇಳಿ. ಲಸಿಕೆಯಿಂದಲೇ ಮಿದುಳು ಕೆಟ್ಟಿತು ಅಂತ ಹೇಳಲಾಗಿದ್ದ 14 ಮಂದಿಯ ಜೀನನ್ನು ಆಸ್ಟ್ರೇಲಿಯಾದ ಸ್ಯಾಮುಯೆಲ್ ಬರ್ಕೊವಿಕ್ ತಂಡ 2006ರಲ್ಲಿ ಪರೀಕ್ಷಿಸಿತು. 11 ಮಂದಿಯಲ್ಲಿ ಎಸ್‌ಸಿಎನ್1ಎ ಕೆಟ್ಟಿತ್ತು. ಇಂಜೆಕ್ಷನ್ ಜ್ವರ ತಂದಿತು, ಜ್ವರ ಫಿಟ್ಸ್ ತಂದಿತು, ಅಷ್ಟೇ. ಅವತ್ತು ಹಾಕಿಸದಿದ್ದರೆ ಮುಂದಿನ ನೆಗಡಿ ಜ್ವರಕ್ಕೆ ಬರುತ್ತಿತ್ತು. ನಿಮ್ಮ ಮನೆಯವರದ್ದು ಏನೇನೂ ತಪ್ಪಿಲ್ಲ.

ದಾವಣಗೆರೆ ಅಮ್ಮ:

ಅಣ್ಣ, ನನ್ನ ಮಗನಿಗೂ ಡ್ರಾವೆ. ಒಂಬತ್ತು ವರ್ಷ. ಮೇಲಿನವರು ಬರೆದಿದ್ದು ನನಗೆ ಮುಕ್ಕಾಲು ಭಾಗ ಅರ್ಥವಾಯಿತು. ನಾನು ಮನೆ ವಿಷಯ ಹೇಳುತ್ತೇನೆ.

ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ "ಡ್ರಾವೆ, ಕಾರ್ಬಮಜೆಪಿನ್ ಲ್ಯಾಮೋಟ್ರಿಜಿನ್ ಬೇಡ" ಅಂತ ಬರೆಸಿ. ತಜ್ಞರ ಹತ್ತಿರ ಲೆಟರ್‌ಹೆಡ್‌ನಲ್ಲೇ ತೆಗೆದುಕೊಳ್ಳಿ. ಎಮರ್ಜೆನ್ಸಿಗೆ ಹೋದಾಗ ಅಲ್ಲಿರುವ ಡ್ಯೂಟಿ ಡಾಕ್ಟರು ಈ ಕಾಯಿಲೆಯ ಹೆಸರೇ ಕೇಳಿರುವುದಿಲ್ಲ. ಅಪ್ಪ ಅಮ್ಮ ಬಾಯಿಮಾತಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಂದ ಫಿಟ್ಸ್ ನಿಲ್ಲಿಸುವ ಮಿಡಾಜೋಲಂ ಮೂಗಿನ ಸ್ಪ್ರೇ ಒಂದು ಮನೆಯಲ್ಲಿ, ಒಂದು ಬ್ಯಾಗಲ್ಲಿ ಇರಲಿ. ಎಷ್ಟು ನಿಮಿಷಕ್ಕೆ, ಎಷ್ಟು ಸಲ ಒತ್ತಬೇಕು ಅಂತ ಡಾಕ್ಟರ ಕೈಲಿ ಬರೆಸಿ ಅದಕ್ಕೇ ಅಂಟಿಸಿ. ಅಂಗನವಾಡಿಯವರಿಗೂ ಕಲಿಸಿ. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಎಲ್ಲ ಬಿಡಿಸಿ. ನಮ್ಮತ್ತೆಗೆ ಬಿಡಿಸಲು ವರ್ಷಗಳೇ ಬೇಕಾದವು.

ಎಣ್ಣೆ ನೀರು ಅಂತ ಬಿಸಿ ಬಿಸಿ ನೀರು ಹುಯ್ಯಬೇಡಿ. ಉಗುರುಬೆಚ್ಚಗೆ ಸಾಕು. ಮೈ ಬಿಸಿಯಾದರೆ ಇವರಿಗೆ ಬರುತ್ತದೆ. ಏಪ್ರಿಲ್ ಮೇನಲ್ಲಿ ನಾವು ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ, ಮದುವೆ ಇದ್ದರೂ. ಮುಂದಿನ ಲಸಿಕೆಗಳನ್ನು ಬಿಡಬೇಡಿ, ಡಾಕ್ಟರಿಗೆ ಮೊದಲೇ ಹೇಳಿ ಜ್ವರದ ಔಷಧಿ ಜೊತೆಗಿಟ್ಟುಕೊಂಡು ಹಾಕಿಸಿ.

ಕಪಿಲಾ ದಂಡೆ:

ನಮ್ಮ ನಂಜನಗೂಡು ಕಡೆ "ಬಿಸಿನೀರು ಫಿಟ್ಸ್" ಅಂತ ಇದೆಯಲ್ಲ, ತಲೆಗೆ ಬಿಸಿನೀರು ಹುಯ್ದುಕೊಂಡರೆ ಬರುವುದು. ನಮ್ಮ ದೊಡ್ಡಪ್ಪನಿಗೆ ಇತ್ತು. ಇದೂ ಅದೇನಾ?

ಇಲಿಮಿದುಳು:

ಅಲ್ಲ. ಅದು ಬೇರೆ, ನಮ್ಮ ಹಳೇ ಮೈಸೂರು ಕಡೆ ಜಾಸ್ತಿ. ನಿಮ್ಹಾನ್ಸ್‌ನವರು ಅದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಚೊಂಬಿನಿಂದ ತಲೆ ಮೇಲೆ ಬಿಸಿನೀರು ಬಿದ್ದಾಗ ಬರುವಂಥದ್ದು. ದೊಡ್ಡವರಿಗೂ ಬರುತ್ತದೆ, ಹೆಚ್ಚಿನವರು ಮಿಕ್ಕಂತೆ ಆರೋಗ್ಯವಾಗಿರುತ್ತಾರೆ. ನೀರಿನ ಬಿಸಿ ಇಳಿಸಿದರೇ ಎಷ್ಟೋ ಮಂದಿಗೆ ಸಾಕು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಕ್ಲೋಬಜಾಮ್ ಕೊಡುತ್ತಾರೆ. ಡ್ರಾವೆ ಮಕ್ಕಳಿಗೆ ಸ್ನಾನ ಒಂದೇ ಅಲ್ಲ, ಜ್ವರ, ಬಿಸಿಲು, ಓಡಾಟ ಯಾವುದರಿಂದ ಮೈ ಕಾದರೂ ಕಷ್ಟ.

ತುಮಕೂರು ಅಪ್ಪ:

ಎಲ್ಲರಿಗೂ ಥ್ಯಾಂಕ್ಸ್. ಲಸಿಕೆ ಭಾಗವನ್ನು ಅಮ್ಮನ ಮುಂದೆ ಓದಿದೆ. "ಆಸ್ಟ್ರೇಲಿಯಾದವರಿಗೆ ಏನು ಗೊತ್ತು" ಅಂದರು. ಆದರೆ ಆಮೇಲೆ ಬೈದಿಲ್ಲ. ದಾವಣಗೆರೆ ಅಕ್ಕ, ಫೈಲಿನ ಮೇಲೆ ಇವತ್ತೇ ಬರೆದೆ. ಕೊನೆಯದಾಗಿ ಒಂದು. ಇನ್ನೊಂದು ಮಗು ಬೇಕು ಅಂತ ಮನೆಯವರಿಗೆ ಆಸೆ. ಅದಕ್ಕೂ ಹೀಗೇ ಆಗುತ್ತದಾ?

ಇಲಿಮಿದುಳು:

ಹೆಚ್ಚಿನ ಡ್ರಾವೆ ಮಕ್ಕಳಲ್ಲಿ ಬದಲಾವಣೆ ಹೊಸದಾಗಿ ಆಗಿರುತ್ತದೆ, ಅಪ್ಪ ಅಮ್ಮನಲ್ಲಿ ಇರುವುದಿಲ್ಲ. ಹಾಗಿದ್ದರೆ ಎರಡನೇ ಮಗುವಿಗೆ ಬರುವ ಸಾಧ್ಯತೆ ಕಮ್ಮಿ. ಆದರೆ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಕೆಲವು ಕುಟುಂಬಗಳಲ್ಲಿ ಅಪ್ಪ ಅಥವಾ ಅಮ್ಮನ ಕೆಲವೇ ಕೋಶಗಳಲ್ಲಿ ಅದು ಅಡಗಿರುತ್ತದೆ, ಅವರಿಗೆ ಫಿಟ್ಸ್ ಬಂದೇ ಇರುವುದಿಲ್ಲ. ಆದ್ದರಿಂದ ಬಸುರಿಯಾಗುವ ಮೊದಲೇ ಜೆನೆಟಿಕ್ಸ್ ಡಾಕ್ಟರನ್ನು ನೋಡಿ, ಇಬ್ಬರೂ ರಕ್ತ ಕೊಡಿ. ಮಗಳಿಗೆ ಮಾಡಿಸಿದ ದೊಡ್ಡ ಪರೀಕ್ಷೆ ನಿಮಗೆ ಬೇಡ, ಆ ಒಂದು ಬದಲಾವಣೆಯನ್ನು ಹುಡುಕಿದರೆ ಸಾಕು, ಖರ್ಚೂ ಕಮ್ಮಿ. ರಿಪೋರ್ಟಿನಲ್ಲಿ ಜೀನ್ ಹೆಸರಿನ ಪಕ್ಕ "ಸಿ" ಅಕ್ಷರ, ಚುಕ್ಕಿ, ಆಮೇಲೆ ಅಂಕಿಗಳು ಇರುವ ಸಾಲು ಇರುತ್ತದೆ. ಅವರು ಕೇಳುವುದು ಅದನ್ನೇ, ರಿಪೋರ್ಟ್ ಮರೆಯದೆ ತೆಗೆದುಕೊಂಡು ಹೋಗಿ.